ರಾಹೇಲಕ್ಕನನ್ನು ಕೊಡುವವರು ಯಾರು?

ಮೊನ್ನೆ ಸೊಸೆ ಗೊಜ್ಜು ಮಾಡಲೆಂದು ಕಿತ್ತಳೆ ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ ಬಿಸಿ ಎಣ್ಣೆಗೆ ಹಾಕಿದಳು. ಆ ಚುರುಕಾದ ಘಮ ಅಡುಗೆಮನೆ ದಾಟಿ ನಾನು ಕುಳಿತಿದ್ದ ಕಿಟಕಿಯವರೆಗೆ ಬಂದದ್ದೇ ತಡ, ಮೈಸೂರಿನ ಈ ಮನೆ, ಕೆಳಗಿನ ಬೀದಿಯ ಸ್ಕೂಟರುಗಳ ಸದ್ದು ಎಲ್ಲ ಎಲ್ಲಿಗೋ ಸರಿದು, ಕೊಡಗಿನ ನೆಲ್ಯಹುದಿಕೇರಿಯ ನಮ್ಮ ಪುಟ್ಟ ದೇವಾಲಯದ ಕಾವಿ ನೆಲ ಕಣ್ಣೆದುರು ಬಂತು. ದೇವಾಲಯವೆಂದರೆ ಗೋಪುರವಿದ್ದ ಗುಡಿಯಲ್ಲ. ನಮ್ಮ ಕಡೆಯ ಕ್ರೈಸ್ತರು ಚರ್ಚನ್ನು ಹಾಗೆಯೇ ಕರೆಯುತ್ತಿದ್ದರು. ಕ್ರಿಸ್ಮಸ್ ಹತ್ತಿರ ಬಂದಾಗ ಅದರ ಕಿಟಕಿಗಳಿಗೆಲ್ಲ ಎಲೆಸಮೇತ ಕಿತ್ತಳೆ ಗೊಂಚಲುಗಳನ್ನು ಕಟ್ಟುತ್ತಿದ್ದರು. ಆರಾಧನೆ ಮುಗಿಯುವ ಹೊತ್ತಿಗೆ ಮಕ್ಕಳಾದ ನಮ್ಮ ಕೈಗೆ ಒಂದೊಂದು ಹಣ್ಣು ಬರುತ್ತಿತ್ತು. ಅಲ್ಲೇ ಮೆಟ್ಟಿಲ ಮೇಲೆ ಕೂತು ಸಿಪ್ಪೆ ಬಿಡಿಸಿ, ಅದನ್ನು ಹಿಂಡಿ ಒಬ್ಬರ ಕಣ್ಣಿಗೆ ಇನ್ನೊಬ್ಬರು ಚಿಮ್ಮಿಸಿ, ಅತ್ತು, ಬೈಸಿಕೊಂಡು ಮನೆಗೆ ಹೋಗುತ್ತಿದ್ದೆವು. ಈಗ ಸೊಸೆ ತರುವುದು ನಾಗಪುರದ ಹಣ್ಣು. ಕೊಡಗಿನ ಕಿತ್ತಳೆ ಮರಗಳಿಗೆ ರೋಗ ಬಂದು ಅವು ತೋಟದಿಂದ ತೋಟಕ್ಕೆ ಒಣಗಿಹೋದದ್ದು ನನ್ನ ವಯಸ್ಸಿನವರಿಗೆಲ್ಲ ಗೊತ್ತು.

ಆ ಕಿತ್ತಳೆಯನ್ನು ದೇವಾಲಯಕ್ಕೆ ಕೊಡುತ್ತಿದ್ದವರು ಬೆಳ್ಯಪ್ಪಜ್ಜ. ಅವರು ಕ್ರೈಸ್ತರಲ್ಲ, ಕೊಡವರು. ಕಾವೇರಿ ನದಿಯ ಆಚೆ ದಿಣ್ಣೆಯ ಮೇಲೆ ಅವರದೊಂದು ಚಿಕ್ಕ ಕಾಫಿ ತೋಟ, ತೋಟದ ತುಂಬ ಕಿತ್ತಳೆ ಮರ. ನಮ್ಮ ಸಭೆ ಎಂದರೆ ಹತ್ತು ಹನ್ನೆರಡು ಮನೆ. ಅರ್ಧ ಜನ ಎಸ್ಟೇಟಿನ ಕೂಲಿ ಲೈನುಗಳಲ್ಲಿದ್ದ ತಮಿಳು, ಮಲೆಯಾಳ ಮಾತಿನವರು, ಉಳಿದವರು ಕನ್ನಡದವರು. ಇಷ್ಟು ಜನರ ದೇವಾಲಯ ನಡೆಯುತ್ತಿದ್ದದ್ದು ಸಭೆಗೆ ಸೇರದವರ ಸಹಾಯದಿಂದಲೇ. ಕ್ರಿಸ್ಮಸ್ ಸಂಜೆಗೆ ಗ್ಯಾಸ್‌ಲೈಟ್ ಕೊಡುತ್ತಿದ್ದವನು ಅಂಗಡಿಯ ಮುಸ್ಲಿಮ್ ಮಾಪಿಳೆ. ಮಳೆಗಾಲಕ್ಕೆ ಮುಂಚೆ ಮಾಡಿನ ಹೆಂಚು ಕೈಯಾಡಿಸಿ ಸರಿಪಡಿಸುತ್ತಿದ್ದವನು ಮಾರಿಯಮ್ಮನ ಪೂಜಾರಿಯ ತಮ್ಮ. ಹಣ್ಣು, ಗಾಡಿ, ಊಟಕ್ಕೆ ದೊಡ್ಡ ಪಾತ್ರೆ ಇವೆಲ್ಲ ಬೆಳ್ಯಪ್ಪಜ್ಜನ ಮನೆಯಿಂದ. ನಾನು ಹುಟ್ಟಿದಾಗಿನಿಂದ ಇದು ಹೀಗೇ ನಡೆದುಕೊಂಡು ಬಂದಿತ್ತು, ಯಾರೂ ಅದರ ಬಗ್ಗೆ ಯೋಚಿಸಿರಲಿಲ್ಲ.

ನನ್ನ ಅಪ್ಪ ಆ ಸಭೆಯ ಉಪದೇಶಕರು. ಅಯ್ಯನವರು, ಅಂದರೆ ಪಾದ್ರಿಗಳು, ಇದ್ದದ್ದು ಮಡಿಕೇರಿಯಲ್ಲಿ; ಕರ್ತನ ಭೋಜನಕ್ಕೋ ದೀಕ್ಷಾಸ್ನಾನಕ್ಕೋ ಮದುವೆಗೋ ಬಸ್ಸು ಹತ್ತಿ ಬರುತ್ತಿದ್ದರು. ಉಳಿದ ಭಾನುವಾರಗಳಲ್ಲಿ ಪ್ರಾರ್ಥನೆ, ಪಾಠ, ವಾರದ ದಿನಗಳಲ್ಲಿ ಸಣ್ಣ ಮಕ್ಕಳ ಶಾಲೆ ಎಲ್ಲ ಅಪ್ಪನದೇ. ದೇವಾಲಯದ ಪಕ್ಕದಲ್ಲೇ ನಮ್ಮ ಮನೆ. ಮನೆಗಿಂತ ಅದರ ಜಗಲಿ ದೊಡ್ಡದು ಎಂದು ಅಮ್ಮ ಹಾಸ್ಯ ಮಾಡುತ್ತಿದ್ದಳು. ಸುಣ್ಣದ ಗೋಡೆಗೆ ಒರಗಿ ಕೂತವರ ಎಣ್ಣೆತಲೆಯ ಕಲೆಗಳು ಸಾಲಾಗಿ ಮೂಡಿರುತ್ತಿದ್ದವು. ಕೆಳಗೆ ಕಾವೇರಿ ಹರಿಯುವ ಸದ್ದು, ಒಳಗಿಂದ ಬೆಲ್ಲದ ಕಾಫಿ ಕುದಿಯುವ ವಾಸನೆ, ಮೂಲೆಯಲ್ಲಿ ಸದಾ ಒದ್ದೆಯಾಗಿರುತ್ತಿದ್ದ ಯಾರದೋ ಕೊಡೆ. ಊರಿನ ವ್ಯಾಜ್ಯ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಮೇಲಿನ ದೂರು, ಹಸು ಕಳೆದ ಸುದ್ದಿ, ಎಲ್ಲವೂ ಆ ಜಗಲಿಗೆ ಬಂದೇ ಮುಂದಕ್ಕೆ ಹೋಗುತ್ತಿದ್ದವು. ಆಗ ಕೊಡಗು ತಾನೇ ಒಂದು ರಾಜ್ಯವಾಗಿತ್ತು. ಮಡಿಕೇರಿಯಲ್ಲಿ ಕೂತ ಮಂತ್ರಿಗಳಿಗೂ ಕೇಳಿಸುವಂತೆ ನಮ್ಮ ಜಗಲಿಯಲ್ಲಿ ಜನ ಮಾತಾಡುತ್ತಿದ್ದರು.

ಬೆಳ್ಯಪ್ಪಜ್ಜ ನಮಗೆ ಇಷ್ಟು ಹತ್ತಿರವಾದದ್ದು ರಾಹೇಲಕ್ಕನಿಂದ. ರಾಹೇಲಕ್ಕನ ಅಪ್ಪ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು, ನಮ್ಮ ಸಭೆಯವರು. ಹೆಂಡತಿ ಹೆರಿಗೆಯಲ್ಲೇ ಹೋದ ಮೇಲೆ ಒಬ್ಬರೇ ಮಗುವನ್ನು ಸಾಕಿಕೊಂಡಿದ್ದರಂತೆ. ಆಮೇಲೆ ಅವರಿಗೂ ಚಳಿಜ್ವರ ಹತ್ತಿತು. ಪಕ್ಕದ ತೋಟದ ಬೆಳ್ಯಪ್ಪಜ್ಜ ಅವರ ಸ್ನೇಹಿತ. ಮಂಚದ ಹತ್ತಿರ ಕೂತಿದ್ದವರು ಅವರೊಬ್ಬರೇ. ಸಾಯುವ ಮುಂಚೆ ರೈಟರು ಕೇಳಿದ್ದು ಎರಡು ಮಾತು: ಮಗುವನ್ನು ನೀನು ಸಾಕು, ಆದರೆ ಭಾನುವಾರ ಭಾನುವಾರ ನಮ್ಮ ದೇವಾಲಯಕ್ಕೆ ಕಳಿಸು. ಅಜ್ಜ ಎರಡಕ್ಕೂ ಒಪ್ಪಿಕೊಂಡರು. ಅವರ ಹೆಂಡತಿ ಚಿನ್ನವ್ವನಿಗೆ ಮಕ್ಕಳಿರಲಿಲ್ಲ. ಆಕೆ ಆ ಕೂಸನ್ನು ಸೊಂಟಕ್ಕೇರಿಸಿಕೊಂಡವಳು ಇಳಿಸಿದ್ದು ಅದು ತನಗಿಂತ ಎತ್ತರ ಬೆಳೆದ ಮೇಲೆಯೇ ಎಂದು ಅಮ್ಮ ಹೇಳುತ್ತಿದ್ದಳು.

ಹೀಗೆ ರಾಹೇಲಕ್ಕ ಕೊಡವರ ಮನೆಯಲ್ಲಿ ಅಕ್ಕಿತರಿಯ ಕಡಂಬುಟ್ಟು ತಿಂದು, ಕೊಡವ ತಕ್ಕ್ ಮಾತಾಡಿ, ಸುಗ್ಗಿಯ ಪುತ್ತರಿ ಹಬ್ಬಕ್ಕೆ ಅವರ ಗದ್ದೆಯಿಂದ ಕದಿರು ತಂದು ಬೆಳೆದಳು. ಮತ್ತು ಒಂದು ಭಾನುವಾರವೂ ತಪ್ಪದೆ ನಮ್ಮ ಬೆಂಚಿನಲ್ಲಿ ಕೂತಳು. ಮಳೆಗಾಲದಲ್ಲಿ ದೋಣಿ ನಿಂತರೆ ಅಜ್ಜ ಅವಳನ್ನು ಸುತ್ತುದಾರಿಯಲ್ಲಿ ಗಾಡಿ ಕಟ್ಟಿಕೊಂಡು ಕರೆತರುತ್ತಿದ್ದರು. ಅವಳು ಒಳಗೆ ಹೋದ ಮೇಲೆ ತಾವು ನಮ್ಮ ಜಗಲಿಯಲ್ಲಿ ಕೂತು ಕಾಫಿ ಕುಡಿಯುವುದು. ಒಳಗೆ ಬನ್ನಿ ಎಂದು ಅಪ್ಪ ಕರೆದರೆ, “ಒಳಗೆ ನಂಗೆ ಎಂತ ಕೆಲಸ ಉಪದೇಶಿಗಳೇ? ಇಲ್ಲಿಗೂ ಕೇಳ್ತದೆ” ಎನ್ನುತ್ತಿದ್ದರು. ಕೇಳುತ್ತಲೂ ಇತ್ತು. ನಮ್ಮ ಹಾಡುಗಳ ರಾಗವೆಲ್ಲ ಅವರಿಗೆ ಬಾಯಿಪಾಠ. ಮಾತು ಮಾತ್ರ ಗೊತ್ತಿಲ್ಲ. ಎತ್ತಿನ ಮೈ ತೊಳೆಯುವಾಗ ಅವರು ಗುನುಗುತ್ತಿದ್ದದ್ದು ನಮ್ಮ ಶುಭಶುಕ್ರವಾರದ ಶೋಕದ ಹಾಡು. ಎತ್ತುಗಳಿಗೆ ಅದು ಒಗ್ಗಿಹೋಗಿತ್ತು.

ನನಗೆ ಒಂಬತ್ತು ತುಂಬಿದ ವರ್ಷ ರಾಹೇಲಕ್ಕನಿಗೆ ಗಂಡು ಗೊತ್ತಾಯಿತು. ಶನಿವಾರಸಂತೆಯ ಕಡೆ ಗದ್ದೆ, ಮನೆ ಇದ್ದ ಕ್ರೈಸ್ತ ಕುಟುಂಬ; ಹುಡುಗನ ಹೆಸರು ದಾವೀದ. ಮೆತ್ತಗಿನ ಮಾತು, ದೊಡ್ಡ ಕಿವಿ, ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವವನು. ಅವನಿಗೆ ತಂದೆ ಇರಲಿಲ್ಲ, ಇಬ್ಬರು ತಮ್ಮಂದಿರಿದ್ದರು. ಮನೆಯ ಹಿರಿಯನೆಂದರೆ ಅವನ ದೊಡ್ಡಪ್ಪ ಯೋನಾಸಪ್ಪನವರು. ಫಾರೆಸ್ಟ್ ಗಾರ್ಡ್ ಕೆಲಸದಿಂದ ನಿವೃತ್ತರಾಗಿ ನಮ್ಮೂರಲ್ಲೇ ನೆಲೆಸಿದ್ದ ಅವರು ನಮ್ಮ ಸಭೆಯ ಹಿರಿಯರೂ ಹೌದು. ಕಾಡಿನಲ್ಲಿ ಒಂದು ಸೌದೆಕಡ್ಡಿ ಎತ್ತಿದವರನ್ನೂ ಬಿಡದ ಮನುಷ್ಯ ಎಂದು ಹೆಸರು. ದೇವಾಲಯದಲ್ಲೂ ಹಾಗೆಯೇ. ಹಾಡುವಾಗ ತಡವಾಗಿ ಎದ್ದವರನ್ನು ಅವರು ತಿರುಗಿ ನೋಡುತ್ತಿದ್ದ ರೀತಿಗೆ ನಾವು ಮಕ್ಕಳು ಹಾಡು ಶುರುವಾಗುವ ಮುಂಚೆಯೇ ಎದ್ದು ನಿಂತಿರುತ್ತಿದ್ದೆವು.

ಮೂರು ಭಾನುವಾರ ಓದಬೇಕಾದ ಮದುವೆಯ ಪ್ರಕಟಣೆಯನ್ನು ಅಪ್ಪ ಮೊದಲ ಸಲ ಓದಿದರು. ಅಂದು ಆರಾಧನೆ ಮುಗಿದ ಮೇಲೆ ಯೋನಾಸಪ್ಪನವರು ನಮ್ಮ ಜಗಲಿಗೆ ಬಂದು ಒಂದು ಪ್ರಶ್ನೆ ಕೇಳಿದರು. ಮದುವೆಯ ದಿನ ಹುಡುಗಿಯನ್ನು ಕೈಹಿಡಿದು ಒಳಗೆ ಕರೆತರುವವರು ಯಾರು? ತಂದೆ ಮಾಡಬೇಕಾದ ಕೆಲಸ ಅದು. ಜಗಲಿಯ ತುದಿಯಲ್ಲಿ ಕಾಫಿಲೋಟ ಹಿಡಿದು ಕೂತಿದ್ದ ಬೆಳ್ಯಪ್ಪಜ್ಜ, ಇದೇನು ಕೇಳುವ ಮಾತೇ ಎಂಬಂತೆ, “ನಾನೇ” ಎಂದರು.

“ಬೆಳ್ಯಪ್ಪನೋರೇ, ನೀವು ದೊಡ್ ಮನ್ಸರು, ನಾನು ಇಲ್ಲ ಅನ್ನಾಕಿಲ್ಲ” ಎಂದರು ಯೋನಾಸಪ್ಪನವರು. ದನಿ ಏರಲಿಲ್ಲ. “ಹಣ್ಣು ಕೊಡಿ, ಗಾಡಿ ಕೊಡಿ, ಒಳಗೆ ಬಂದು ಬೆಂಚಲ್ಲಿ ಕೂತ್ಕಳಿ. ಆದ್ರೆ ಪೀಠದ ಮುಂದೆ ನಿಂತು ಆರಾಧನೇಲಿ ಪಾಲು ತಗಳೋದು ಸಭೆಗೆ ಸೇರ್ದೋರ ಕೆಲಸ. ಅಲ್ಲಿ ನೀವು ನಿಂತ್ಕಳಂಗಿಲ್ಲ. ಉಪದೇಸಿಗಳೇ ಕರ್ಕಂಡು ಬರ್ಲಿ.”

ಅಪ್ಪ ನೆಲ ನೋಡಿದರು. ಅವರ ಮುಖ ನೋಡಿ ಯೋನಾಸಪ್ಪನವರಿಗೆ ಏನನ್ನಿಸಿತೋ, ಹೊರಡಲು ಎದ್ದವರು ಮತ್ತೆ ಕೂತರು. ಆಮೇಲೆ ಅವರು ಹೇಳಿದ್ದನ್ನು ನಾನು ಮರೆತಿಲ್ಲ. “ನಮ್ಮಪ್ಪ ದೀಕ್ಷಾಸ್ನಾನ ತಗಂಡ ದಿನ ಊರ ಬಾವೀಲಿ ನೀರು ಸೇದಾಕೆ ಬಿಡ್ಲಿಲ್ಲ. ಅವನ ಹೆತ್ತ ತಾಯಿ ಸತ್ತಾಗ ಒಂದು ಹಿಡಿ ಮಣ್ಣು ಹಾಕಾಕೂ ಕರೀಲಿಲ್ಲ. ಅಷ್ಟೂ ಬಿಟ್ಟು ಬಂದು ಆ ಬಾಗ್ಲ ಒಳಗೆ ಕಾಲಿಟ್ಟ. ಏನೂ ಬಿಡ್ದೆ ಬಂದೋರಿಗೂ ಅದೇ ಜಾಗ ಅಂದ್ರೆ, ನಮ್ಮಪ್ಪ ಬಿಟ್ಟಿದ್ದಕ್ಕೆ ಏನ್ ಬೆಲೆ ಬಂತು?” ಇಷ್ಟು ವರ್ಷವಾದ ಮೇಲೂ ಆ ಪ್ರಶ್ನೆಗೆ ಥಟ್ಟನೆ ಉತ್ತರ ಹೇಳಲು ನನಗೆ ಬರುವುದಿಲ್ಲ.

ಬೆಳ್ಯಪ್ಪಜ್ಜ ಲೋಟ ಕೆಳಗಿಟ್ಟರು. “ನಮ್ಮಲ್ಲಿ ಬೇರೆ ಥರ” ಎಂದರು. ಕೊಡವರ ಮದುವೆಯಲ್ಲಿ ಎರಡೂ ಕಡೆಗೆ ಒಬ್ಬೊಬ್ಬ ಅರುವ ಇರುತ್ತಾನೆ. ಅವನು ಆ ಮನೆತನದವನಲ್ಲ, ಬೇರೆ ಮನೆತನದ ನಂಬಿಕಸ್ಥ. ಮನೆಯ ಪರವಾಗಿ ಎದ್ದು ನಿಂತು ಮಾತು ಕೇಳುವವನು, ಮಾತು ಕೊಡುವವನು ಅವನೇ. ಬೆಳ್ಯಪ್ಪಜ್ಜ ಎಷ್ಟೋ ಮನೆಗಳಿಗೆ ಅರುವರಾಗಿದ್ದವರು. “ನಮ್ಮಲ್ಲಿ ಮದುವೆಗೆ ಹೊರಗಿನವನೇ ಬೇಕು. ಒಳಗಿನವರು ತಮ್ಮವರ ಪರ ಮಾತಾಡಿದರೆ ಅದಕ್ಕೆಂತ ಬೆಲೆ? ನಾನೆಂತ ನಿಮ್ಮ ದೇವರ ಹತ್ರ ಜಾಗ ಕೇಳ್ಲಿಕ್ಕೆ ಬರುವುದಾ? ನಾನು ಸಾಕಿದ ಕುಂಞಿಯನ್ನು ಒಪ್ಪಿಸ್ಲಿಕ್ಕೆ ಬರುವುದು, ಅಷ್ಟೇ.” ಹೀಗೆಂದು ಅವರು ಎದ್ದು ಗಾಡಿ ಕಟ್ಟಲು ಹೋದರು. ಆ ದಿನ ಗುನುಗಲಿಲ್ಲ.

ಅಂದು ರಾಹೇಲಕ್ಕ ನಮ್ಮ ಅಡುಗೆಮನೆಯಲ್ಲಿ ಒಲೆಯ ಮುಂದೆ ಕೂತಿದ್ದಳು. ಜಗಲಿಯ ಮಾತೆಲ್ಲ ಅವಳಿಗೆ ಕೇಳಿಸಿತ್ತು. ಅಳುವ ಹುಡುಗಿಯಲ್ಲ ಅವಳು, ಸೌದೆಯನ್ನು ಹಿಂದೆ ಮುಂದೆ ತಳ್ಳುತ್ತ ಅಮ್ಮನಿಗೆ ಹೇಳಿದಳು: “ಅಮ್ಮ, ಉಪದೇಶಿಗಳು ಕರಕೊಂಡು ಹೋದರೆ ನಂಗೇನೂ ಬೇಸರ ಇಲ್ಲ. ಆದರೆ ಆ ಜನ ಎಲ್ಲ ನೋಡ್ತಾರಲ್ಲ, ಇವಳಿಗೆ ಮನೆ ಇಲ್ಲ, ಸಭೆಯವರು ಸೇರಿ ಮದುವೆ ಮಾಡಿದರು ಅಂತ. ನಂಗೆ ಮನೆ ಉಂಟು. ಅಜ್ಜನ ಕೈ ಹಿಡಿದೇ ಒಳಗೆ ಹೋಗಬೇಕು.” ಅಮ್ಮ ಅವಳ ತಲೆಗೆ ಎಣ್ಣೆ ಹಚ್ಚತೊಡಗಿದಳು. ಊಟದ ಹೊತ್ತಿಗೆ ಅಪ್ಪನಿಗೆ ಮಾತ್ರ ಬಿಸಿಯಾಗಿಯೇ ಬಡಿಸಿದಳು. “ಸಭೆಗೆ ಸೇರದವರನ್ನೆಲ್ಲ ದೂರ ಇಡುವುದಾದರೆ ಈ ಸಲ ಕ್ರಿಸ್ಮಸ್‌ಗೆ ಹಣ್ಣೂ ಬೇಡ, ಬೆಳಕೂ ಬೇಡ. ಸೋರುವ ಮಾಡಿನ ಕೆಳಗೆ ಕತ್ತಲಲ್ಲಿ ಕೂತು ನೀವೂ ಯೋನಾಸಪ್ಪನವರೂ ಹಾಡಿಕೊಳ್ಳಿ.”

ಅಪ್ಪ ಪಾಪದವರು. ಇಬ್ಬರು ಹೇಳುವುದೂ ಸರಿ ಎಂದು ಕಾಣುವ ಕಣ್ಣು ಅವರಿಗಿತ್ತು, ಹಾಗಾಗಿ ಅವರಿಗೆ ನಿದ್ದೆ ಕಡಿಮೆ. ಅಯ್ಯನವರು ಬಂದಾಗ ಕೇಳೋಣ ಎಂದು ಎಲ್ಲರನ್ನೂ ತಡೆದು ಹಿಡಿದರು. ಮದುವೆಯ ಹಿಂದಿನ ದಿನ ಅಯ್ಯನವರು ಮಡಿಕೇರಿಯಿಂದ ಬಂದಿಳಿದರು. ವಯಸ್ಸಾದವರು, ಬಸ್ಸಿನ ತಿರುವುಗಳಿಗೆ ತಲೆಸುತ್ತಿ ಮುಖ ಬಿಳಚಿಕೊಂಡಿತ್ತು. ನಿಂಬೆಹಣ್ಣಿನ ಪಾನಕ ಕುಡಿದು, ಎರಡೂ ಕಡೆಯ ಮಾತನ್ನು ಕಣ್ಣುಮುಚ್ಚಿ ಕೇಳಿದರು. ಅವರು ಮಲಗಿಬಿಟ್ಟರೆಂದೇ ನಾನು ತಿಳಿದಿದ್ದೆ. ಆಮೇಲೆ ಕಣ್ಣು ತೆರೆದು ಹೇಳಿದರು: “ಕೊಡುವವರು ಯಾರು ಎಂದು ನಾನು ಕೇಳಬೇಕೆಂದು ಆರಾಧನಾ ಕ್ರಮದ ಪುಸ್ತಕದಲ್ಲಿ ಇದೆ. ಕೊಡುವವನು ಸಭೆಗೆ ಸೇರಿದವನೇ ಆಗಿರಬೇಕೆಂದು ಇಲ್ಲ. ಸಾಕಿದವನು ಕೊಡಲಿ.” ಯೋನಾಸಪ್ಪನವರು ಪುಸ್ತಕಕ್ಕೆ ಎದುರಾಡುವವರಲ್ಲ. ಆದರೆ ತಮ್ಮ ಕಡೆಯಿಂದ ಮೂರು ಮಾತು ಸೇರಿಸಿದರು. ತಲೆಗೆ ಪೇಟ ಇರಬಾರದು, ಸೊಂಟಕ್ಕೆ ಪೀಚೆಕತ್ತಿ ಇರಬಾರದು, ಕೈ ಒಪ್ಪಿಸುವುದು ಬಿಟ್ಟು ಬೇರೇನೂ ಮಾಡಬಾರದು.

ಕತ್ತಿ ಬಿಡುವುದಕ್ಕೆ ಚಿನ್ನವ್ವ ಒಪ್ಪಿದಳು. ಪೇಟ ತೆಗೆಯಬೇಕು ಎಂದದ್ದಕ್ಕೆ ಕೆಂಡವಾದಳಂತೆ. ಬರಿತಲೆಯಲ್ಲಿ ಹೋಗುವುದು ಸಾವಿನ ಮನೆಗೆ, ಮದುವೆಗೆ ಹೋಗುವುದುಂಟೇ ಎಂದು ಅವಳ ವಾದ. ಅಜ್ಜ, “ಅವರ ದೇವರ ಮನೆ, ಅವರ ಮಾತು ಕೇಳಬೇಕು” ಎಂದಷ್ಟೇ ಹೇಳಿದರೆಂದು ರಾಹೇಲಕ್ಕ ಆಮೇಲೆ ನಮಗೆ ಹೇಳಿದಳು.

ಮದುವೆಯ ಬೆಳಿಗ್ಗೆ ಬಿಸಿಲು ಹದವಾಗಿತ್ತು. ದೇವಾಲಯದ ಕಿಟಕಿಗಳಿಂದ ಹೊರಗಿನ ಕಾಫಿ ಗಿಡಗಳ ಹಸಿರು ಒಳಗಿನ ಸುಣ್ಣದ ಗೋಡೆಯ ಮೇಲೆ ಆಡುತ್ತಿತ್ತು. ಬಾಗಿಲಲ್ಲಿ ಬೆಳ್ಯಪ್ಪಜ್ಜ ಬಂದು ನಿಂತರು. ಮೈಮೇಲೆ ಕಪ್ಪು ಕುಪ್ಯದ ನಿಲುವಂಗಿ, ಸೊಂಟಕ್ಕೆ ಕೆಂಪು ಚೇಲೆ, ಕತ್ತಿ ಇಲ್ಲ. ಮಡಿಸಿದ ಪೇಟವನ್ನು ಎಡಗಂಕುಳಲ್ಲಿ ಇಟ್ಟುಕೊಂಡಿದ್ದರು. ಅವರ ತಲೆಯನ್ನು ನಾನು ನೋಡಿದ್ದು ಅದೇ ಮೊದಲು. ಹಣೆಯ ಅರ್ಧದವರೆಗೆ ಬಿಸಿಲಿನ ಕಂದು, ಅದರ ಮೇಲೆ ಎಳೆಮಗುವಿನಂಥ ಬೆಳ್ಳಗಿನ ಚರ್ಮ, ನಾಲ್ಕು ಕೂದಲು. ನನಗೆ ನಗು ಬರಬೇಕಿತ್ತು, ಅಳು ಬಂತು. ಬಲಗೈಯಲ್ಲಿ ಅವರು ರಾಹೇಲಕ್ಕನ ಕೈ ಹಿಡಿದಿದ್ದರು. ಇಷ್ಟು ವರ್ಷ ಜಗಲಿಯಲ್ಲೇ ಕೂತ ಮನುಷ್ಯ ಬೆಂಚುಗಳ ನಡುವೆ ಮೆಲ್ಲಗೆ ನಡೆದು ಬಂದರು. ಅವಳು ಯಾರನ್ನೂ ನೋಡದೆ ತಲೆಯೆತ್ತಿ ನಡೆದಳು.

ಅಯ್ಯನವರು ಪುಸ್ತಕ ತೆರೆದು, ಕನ್ನಡಕ ಸರಿಮಾಡಿಕೊಂಡು ಓದಿದರು. “ಈ ಸ್ತ್ರೀಯನ್ನು ಈ ಪುರುಷನಿಗೆ ಮದುವೆ ಮಾಡಿ ಕೊಡುವವರು ಯಾರು?”

ಅಪ್ಪ ಅಜ್ಜನಿಗೆ ಎಲ್ಲ ಹೇಳಿಕೊಟ್ಟಿದ್ದರು: ಪ್ರಶ್ನೆ ಬಂದಾಗ ಹುಡುಗಿಯ ಕೈಯನ್ನು ಮುಂದೆ ನೀಡಿದರೆ ಆಯಿತು. ಆದರೆ ಅಜ್ಜನಿಗೆ ಆ ಪ್ರಶ್ನೆ ಹೊಸದಲ್ಲವಲ್ಲ. ಮದುವೆಯ ನಡುವೆ, ಜನರ ಮುಂದೆ, ಕೊಡುವವರು ಯಾರು ಎಂದು ಕೇಳಿದರೆ ಒಬ್ಬ ಅರುವ ಏನು ಮಾಡಬೇಕೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಕೈಯನ್ನು ಬಿಡದೆ, ಬೆನ್ನು ನೆಟ್ಟಗೆ ಮಾಡಿ, ನದಿಯಾಚೆಗೂ ಕೇಳುವ ಗಂಟಲಲ್ಲಿ ಅವರು ಹೇಳಿದರು: “ಕೊಡುವವನು ನಾನು. ತೆಗೆದುಕೊಳ್ಳುವವರ ಕಡೆಯಿಂದ ಮಾತಾಡುವವರು ಯಾರು?”

ಅಯ್ಯನವರು ಪುಸ್ತಕದ ಆ ಪುಟವನ್ನು ಇನ್ನೊಮ್ಮೆ ನೋಡಿದರು, ಅಲ್ಲಿ ಇಂಥ ಪ್ರಶ್ನೆಗೆ ಏನೂ ಬರೆದಿರಲಿಲ್ಲ. ಅಪ್ಪನ ಕಿವಿ ಕೆಂಪಾಯಿತು. ಅಜ್ಜ ಯಾವ ಅವಸರವೂ ಇಲ್ಲದೆ ಕಾಯುತ್ತ ನಿಂತರು. ಅರುವ ಕೇಳಿದ ಮೇಲೆ ಯಾರಾದರೂ ಎದ್ದೇ ಏಳುತ್ತಾರೆ ಎಂಬ ನಂಬಿಕೆ ಅವರದು.

ಎದ್ದವರು ಯೋನಾಸಪ್ಪನವರು. ಅವರು ಅಜ್ಜನನ್ನು ಹೊರಗೆ ಕಳಿಸಲಿಕ್ಕೇ ಎದ್ದರೆಂದು ನಾವೆಲ್ಲ ಅಂದುಕೊಂಡೆವು. ಪ್ರಾಯಶಃ ಎದ್ದದ್ದು ಅದಕ್ಕೇ ಇರಬೇಕು. ಆದರೆ ದೇವಾಲಯದಲ್ಲಿ, ದೇವರ ಮುಂದೆ, ಹೆಸರಿಟ್ಟು ಕೇಳಿದ ಹಾಗೆ ತನ್ನ ಮನೆಗೊಂದು ಪ್ರಶ್ನೆ ಬಂದಿದೆ. ಅದಕ್ಕೆ ಉತ್ತರ ಕೊಡದೆ ಕೂರುವುದು ಅವರ ಜಾಯಮಾನವಲ್ಲ. ಗಂಟಲು ಸರಿಮಾಡಿಕೊಂಡು, “ನಾನು. ಹುಡುಗನ ದೊಡ್ಡಪ್ಪ” ಎಂದರು.

“ಇವಳಿಗೆ ನಿಮ್ಮ ಮನೆಯ ಒಲೆಯಲ್ಲಿ ಹಕ್ಕು ಉಂಟಾ?”

“ಐತೆ.”

“ಬಾವಿಯಲ್ಲಿ, ಹಟ್ಟಿಯಲ್ಲಿ, ಗದ್ದೆಯಲ್ಲಿ?”

ಬಾವಿ ಎಂಬ ಮಾತಿಗೆ ಯೋನಾಸಪ್ಪನವರ ಮುಖದಲ್ಲಿ ಏನೋ ಹಾದುಹೋಯಿತು. “ಬಾವೀಲೂ ಐತೆ” ಎಂದರು, “ಎಲ್ಲದ್ರಾಗೂ ಐತೆ.”

“ನಾಳೆ ಇವನಿಗೆ ಏನಾದರೂ ಆದರೆ, ಇವಳನ್ನು ಹೊರಗೆ ಹಾಕುವವರು ಯಾರಾದರೂ ಉಂಟಾ?”

ಹೆಂಗಸರ ಬೆಂಚಿನಿಂದ ಅಯ್ಯೋ ಎಂಬ ಉಸಿರು ಕೇಳಿಸಿತು. ಮದುವೆಯ ಮುಹೂರ್ತದಲ್ಲಿ ಕ್ರೈಸ್ತರಾದರೂ ಅಂಥ ಮಾತು ಆಡುವವರಲ್ಲ. ಯೋನಾಸಪ್ಪನವರು ಪೀಠದ ಕಡೆ ಒಮ್ಮೆ ನೋಡಿ, ಆಣೆ ಇಡುವವರ ಹಾಗೆ ನಿಂತು ಹೇಳಿದರು. “ಯಾರೂ ಇಲ್ಲ. ನಾನಿರಾಗಂಟ ಯಾರೂ ಇಲ್ಲ.”

“ಹಾಗಾದರೆ ಕೊಟ್ಟೆ” ಎಂದರು ಬೆಳ್ಯಪ್ಪಜ್ಜ. “ನಮ್ಮ ಬಾಗಿಲೂ ಇವಳಿಗೆ ತೆರೆದೇ ಇರ್ತದೆ. ಅದನ್ನೂ ಎಲ್ಲರೂ ಕೇಳಿಸಿಕೊಳ್ಳಿ.” ಆಮೇಲೆ ಅವಳ ಕೈಯನ್ನು ಅಯ್ಯನವರ ಕಡೆ ನೀಡಿದರು. ಕೊಡವರ ಪದ್ಧತಿ ಬಲ್ಲವರು ನಾನು ಬರೆದದ್ದರಲ್ಲಿ ತಪ್ಪು ಹುಡುಕಬಹುದು. ಅವರ ಮನೆಗಳಲ್ಲಿ ಅದು ಇನ್ನೂ ಉದ್ದವಾಗಿ, ಇನ್ನೂ ಚೆಂದವಾಗಿ ನಡೆಯುತ್ತದೆ ಎಂದು ಕೇಳಿದ್ದೇನೆ. ನಮ್ಮಲ್ಲಿ ನಡೆದದ್ದು ಇಷ್ಟು. ಅಯ್ಯನವರು ಮುಂದಿನ ಸಾಲಿನಿಂದ ಓದು ಮುಂದುವರಿಸಿದರು.

ಊಟದ ಪಂಕ್ತಿಯಲ್ಲಿ ಯೋನಾಸಪ್ಪನವರು ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಬಡಿಸಲು ಬಂದ ಅಮ್ಮನ ಹತ್ತಿರ, “ನೋಡಮ್ಮಾ, ಆ ಮನ್ಸ ನನ್ ಬಾಯಲ್ಲೇ ಎಲ್ಲಾನೂ ಹೇಳಿಸ್ಬಿಟ್ಟ” ಎಂದು ಗೊಣಗಿದರು. “ಹೇಳಿದ್ದರಲ್ಲಿ ಸುಳ್ಳೇನಾದರೂ ಇತ್ತಾ?” ಎಂದು ಅಮ್ಮ ಕೇಳಿದಳು. ಇಲ್ಲ ಎಂದು ತಲೆಯಾಡಿಸಿ ಇನ್ನೊಂದು ಸೌಟು ಸಾರು ಹಾಕಿಸಿಕೊಂಡರು. ಹೊರಗೆ ಗಾಡಿಯ ಹತ್ತಿರ ಚಿನ್ನವ್ವ ಅಜ್ಜನ ತಲೆಗೆ ತಾನೇ ಪೇಟ ಸುತ್ತುತ್ತಿದ್ದಳು.

ಆಮೇಲಿನದ್ದನ್ನು ಬೇಗ ಹೇಳಿಬಿಡುತ್ತೇನೆ, ನಿಧಾನವಾಗಿ ಹೇಳುವಷ್ಟು ಗಟ್ಟಿ ಮನಸ್ಸು ನನಗಿಲ್ಲ. ಕೊಡಗು ಮೈಸೂರಿಗೆ ಸೇರುತ್ತದಂತೆ ಎಂಬ ಮಾತು ನಮ್ಮ ಜಗಲಿಯಲ್ಲಿ ಬಿಸಿಯಾಗಿದ್ದ ದಿನಗಳಲ್ಲೇ ದಾವೀದನ ಸಾವಿನ ಸುದ್ದಿ ಬಂತು. ಮರ ಕಡಿಯುವಾಗ ಕೊಂಬೆ ಬಿದ್ದು ಹೋಗಿಬಿಟ್ಟ. ಮಕ್ಕಳಾಗಿರಲಿಲ್ಲ. ಅವನ ತಮ್ಮಂದಿರಿಬ್ಬರು ಮೊದಮೊದಲು ಸುಮ್ಮನಿದ್ದು, ಆಮೇಲೆ ಮನೆ ಸಣ್ಣದು ಎಂದರು, ಆಮೇಲೆ ಸಾಕಿದವರ ಮನೆಗೆ ಹೋಗಬಹುದಲ್ಲ ಎಂದರು. ಒಂದು ಸಂಜೆ ರಾಹೇಲಕ್ಕ ತಗಡಿನ ಪೆಟ್ಟಿಗೆ ಹಿಡಿದು ಬಸ್ಸಿನಿಂದಿಳಿದು ನಮ್ಮ ಮನೆಗೆ ಬಂದಳು. ವಯಸ್ಸಾದ ಅಜ್ಜನ ಮೇಲೆ ಹೊರೆಯಾಗಿ ಬೀಳಲು ಅವಳಿಗೆ ಮನಸ್ಸಿರಲಿಲ್ಲ. ಅಮ್ಮನ ಹಳೆಯ ಸೀರೆಗಳನ್ನು ಹೊಲಿಯುತ್ತ, ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತ, ನೆಂಟರ ಮನೆಯಲ್ಲಿ ಕೂರುವ ಹಾಗೆ ಗೋಡೆಗೆ ತಾಗದೆ ಕೂರುತ್ತಿದ್ದಳು.

ಭಾನುವಾರ ಆರಾಧನೆ ಮುಗಿಸಿ ನಾವು ಹೊರಗೆ ಬಂದಾಗ ಅಂಗಳದಲ್ಲಿ ಗಾಡಿ ನಿಂತಿತ್ತು. ಬೆಳ್ಯಪ್ಪಜ್ಜ ನೊಗ ಹಿಡಿದು ನಿಂತಿದ್ದರು. ಸುದ್ದಿ ಹೇಗೋ ತಲುಪಿತ್ತು. “ಪೆಟ್ಟಿಗೆ ತಾ ಕುಂಞಿ, ಮನೆಗೆ ಹೋಗುವ. ಚಿನ್ನವ್ವ ಕಾಯ್ತಾ ಇದ್ದಾಳೆ” ಎಂದರು.

ಅವಳು ಕದಲುವ ಮೊದಲೇ ಯೋನಾಸಪ್ಪನವರು ನಡುವೆ ಬಂದರು. “ಯಾವ ಮನೆಗೆ? ಇವಳ ಮನೆ ಶನಿವಾರಸಂತೇಲೈತೆ. ನೆನ್ನೆ ನಾನು ಅಲ್ಲಿಗೋಗಿ ಆ ಹುಡುಗ್ರಿಗೆ ಅಕ್ಕಪಕ್ಕದೋರ ಮುಂದೆನೇ ಹೇಳಿ ಬಂದಿವ್ನಿ, ಒಲೆ ಅವಳ್ದು, ದಾವೀದನ ಪಾಲು ಅವಳ್ದು ಅಂತ. ಬಾಯಿ ಮುಚ್ಕಂಡು ಒಪ್ಪವ್ರೆ. ಇವತ್ತೇ ಕರ್ಕಂಡು ಹೊಯ್ತೀನಿ.”

“ಒಪ್ಪಿದವರು ನಾಳೆ ಅನ್ನ ಹಾಕ್ತಾರಾ? ಇವಳನ್ನು ಸಾಕಿದವನು ನಾನು.”

“ಮಾತು ಕೊಟ್ಟೋನು ನಾನು! ನೀವೇ ಕೇಳಿದ್ರಿ, ಒಳಗೆ, ಪೀಠದ ಮುಂದೆ. ಐತೆ ಅಂದೆ. ಈಗ ನೀವು ಗಾಡೀಲಿ ಹಾಕ್ಕಂಡು ಹೋದ್ರೆ ದೇವ್ರ ಮುಂದೆ ನಾನು ಸುಳ್ಳನಾಯ್ತೀನಿ. ಆಗಾಕಿಲ್ಲ.”

“ನಿಮ್ಮ ಮಾತು ಉಳಿಸ್ಲಿಕ್ಕೆ ನನ್ನ ಮೂಡಿ, ನಾನು ಸಾಕಿದ ಹುಡುಗಿ, ಅಲ್ಲಿ ಕಣ್ಣೀರು ಹಾಕುವುದಾ?”

“ನನ್ ಸೊಸೆ ಕಣ್ಣಲ್ಲಿ ನೀರು ಬಂದ್ರೆ ನನ್ನ ಕೇಳಿ!”

ಮಧ್ಯಾಹ್ನದ ಬಿಸಿಲು. ಇಬ್ಬರಿಗೂ ವಯಸ್ಸಾಗಿತ್ತು. ಸಭೆಯವರೆಲ್ಲ ಬೈಬಲು ಹಿಡಿದುಕೊಂಡು ಸುತ್ತ ನಿಂತು ನೋಡುತ್ತಿದ್ದರು. ಒಳಗಿನವರು ಯಾರು, ಹೊರಗಿನವರು ಯಾರು ಎಂದು ವಾದಿಸಿದ್ದ ಆ ಇಬ್ಬರು ಮುದುಕರು ಈಗ ಒಬ್ಬಳನ್ನು ಒಳಗೆ ಸೇರಿಸಿಕೊಳ್ಳಲು ಗಂಟಲು ಹರಿದುಕೊಳ್ಳುತ್ತಿದ್ದರು. ಅಪ್ಪ ಬಿಡಿಸಲು ಹೋಗಲಿಲ್ಲ. ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಅಷ್ಟರಲ್ಲಿ ನನ್ನ ಪಕ್ಕದಲ್ಲಿ ನಗುವ ಸದ್ದು ಕೇಳಿಸಿತು. ರಾಹೇಲಕ್ಕ ನಗುತ್ತಿದ್ದಳು. ಗಂಡ ಸತ್ತ ಮೇಲೆ ಮೊದಲ ಸಲ, ಅಳುತ್ತ ನಗುತ್ತಿದ್ದಳು. “ಅಜ್ಜ, ದೊಡ್ಡಪ್ಪ, ಸಾಕು” ಎಂದಳು. “ನಾನು ಶನಿವಾರಸಂತೆಗೆ ಹೋಗ್ತೇನೆ. ಪುತ್ತರಿಗೆ ಅಜ್ಜನ ಮನೆಗೆ ಬರ್ತೇನೆ. ಈಗ ಇಬ್ಬರೂ ನೀರು ಕುಡಿಯಿರಿ.”

ಆ ಮಧ್ಯಾಹ್ನ ಅವಳನ್ನು ಬಸ್ಸಿನ ತನಕ ಬಿಟ್ಟದ್ದು ಅಜ್ಜನ ಗಾಡಿಯೇ. ಯೋನಾಸಪ್ಪನವರೂ ಹತ್ತಿದರು. ಅಜ್ಜ ಗಾಡಿ ಅಲ್ಲೇ ಬಿಟ್ಟು, ಮನೆ ಹೇಗಿದೆಯೆಂದು ನಾನೂ ನೋಡಬೇಕು ಎಂದು ಹಟ ಹಿಡಿದು ಅದೇ ಬಸ್ಸಿನಲ್ಲಿ ಶನಿವಾರಸಂತೆಯವರೆಗೂ ಹೋದರಂತೆ. ಆ ಮನೆಯಲ್ಲಿ ರಾಹೇಲಕ್ಕ ತನ್ನ ಒಲೆಯಲ್ಲೇ ಅಡುಗೆ ಮಾಡಿಕೊಂಡು, ಮೈದುನರ ಮಕ್ಕಳನ್ನು ಬೆಳೆಸಿ, ಕೂದಲು ಬೆಳ್ಳಗಾಗುವವರೆಗೆ ಬಾಳಿದಳು. ಅವಳನ್ನು ಮಣ್ಣುಮಾಡಿದ್ದೂ ಅಲ್ಲೇ.

ಈಗ ಅಲ್ಲಿ ಏನೂ ಉಳಿದಿಲ್ಲ. ಹಳೆಯ ದೇವಾಲಯ ಕೆಡವಿ ದೊಡ್ಡದು ಕಟ್ಟಿದ್ದಾರೆ. ನಮ್ಮ ಮನೆ, ಆ ಜಗಲಿ ಇದ್ದ ಜಾಗದಲ್ಲಿ ಕಾರು ನಿಲ್ಲಿಸುತ್ತಾರೆ. ಅಪ್ಪ, ಅಮ್ಮ, ಅಜ್ಜ, ಚಿನ್ನವ್ವ, ಯೋನಾಸಪ್ಪನವರು ಒಬ್ಬರಾದ ಮೇಲೊಬ್ಬರು ಹೋದರು. ನಾನು ಮೈಸೂರಿನ ಒಂದು ದೊಡ್ಡ ಸಭೆಯ ಸದಸ್ಯೆ, ನನ್ನ ಹೆಸರು ಅಲ್ಲಿ ಸರಿಯಾಗಿ ಬರೆದಿದೆ. ಯಾವುದಾದರೂ ಭಾನುವಾರ ನಾನು ಹೋಗದಿದ್ದರೆ ಪಕ್ಕದಲ್ಲಿ ಕೂರುವವರಿಗೂ ಗೊತ್ತಾಗುವುದಿಲ್ಲ. ನಿಮ್ಮಲ್ಲೂ ಎಷ್ಟೋ ಜನರದು ಹೀಗೆಯೇ ಇರಬಹುದು. ಇವಳು ನಮ್ಮವಳು, ಇಲ್ಲ ನಮ್ಮವಳು ಎಂದು ಒಬ್ಬ ತಬ್ಬಲಿಗಾಗಿ ಇಬ್ಬರು ಮುದುಕರು ಬಿಸಿಲಲ್ಲಿ ನಿಂತು ಜಗಳವಾಡಿದ್ದನ್ನು ನಾನು ನೋಡಿದ್ದೇನೆ. ನೋಡಿದವರಲ್ಲಿ ಈಗ ಇರುವುದು ನಾನೊಬ್ಬಳೇ.